ಮಾರುತಿ 800ರ ಒಳಗಿನ ಕೆಲಸ: ಮೂರು ತಿಂಗಳು, ಎರಡು ಸಲ ಡೋರ್ ಪ್ಯಾಡ್

ಅಪ್ಪಯ್ಯನ ಕಾಲದ ಕಾರು. 1996ರ ಮಾರುತಿ 800, ಕಾರ್ಬುರೇಟರ್ ಮಾಡೆಲ್. ಮಲೆನಾಡಿನ ಸಾಗರ ಊರಿನ ಮಳೆಯಲ್ಲಿ ಇಪ್ಪತ್ತೆಂಟು ವರ್ಷ ನೆಂದಿತ್ತು. ಇಂಜಿನ್ ಈಗಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂರುತ್ತದೆ. ಒಳಗೆ ಕೂತರೆ ಮಾತ್ರ ಹಳೇ ಚೀಲದ ವಾಸನೆ. ತಲೆ ಮೇಲೆ ರೂಫ್ ಲೈನಿಂಗ್ ಜೋತುಬಿದ್ದು ಹಿಂದೆ ಕೂತವರ ಕೂದಲಿಗೆ ತಾಗುತ್ತಿತ್ತು. ಡೋರ್ ಪ್ಯಾಡುಗಳು, ಅಂದರೆ ಬಾಗಿಲಿನ ಒಳಮೈ ಮುಚ್ಚುವ ಹಲಗೆಗಳು, ಕೆಳಗಡೆ ನೆನೆದ ರೊಟ್ಟಿಯ ಹಾಗೆ ಉಬ್ಬಿದ್ದವು.

ಕಾರಿನ ಅಗಲ 1440 ಮಿಲಿಮೀಟರ್. ಇಷ್ಟು ಸಣ್ಣ ಗಾಡಿಯ ಒಳಗೆ ಎಷ್ಟು ಕೆಲಸ ಇದ್ದೀತು, ಬೇಸಿಗೆಯ ನಾಲ್ಕು ಶನಿವಾರ ಸಾಕು ಅಂದುಕೊಂಡೆ. ಲೆಕ್ಕ ತಪ್ಪಿತು. ತಪ್ಪಿದ್ದಕ್ಕೆ ಕಾರಣ ಕೆಲಸ ಜಾಸ್ತಿ ಇದ್ದದ್ದಲ್ಲ, ನಾನು ಹಿಂದುಮುಂದಾಗಿ ಮಾಡಿದ್ದು.

ಏಪ್ರಿಲ್ 13, 2024, ಶನಿವಾರ: ಬಿಚ್ಚುವುದು

ಯುಗಾದಿ ಹಬ್ಬದ ಗಡಿಬಿಡಿ ಮುಗಿದಿತ್ತು. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆ. ಬೇಕಾದದ್ದು 10, 12, 14 ನಂಬರ್ ಸ್ಪಾನರ್, ಒಂದು ಸ್ಟಾರ್ ಸ್ಕ್ರೂ ಡ್ರೈವರ್, ಒಂದು ಅಗಲ ಬಾಯಿಯ ಸ್ಕ್ರೂ ಡ್ರೈವರ್, ತುಕ್ಕು ಬಿಡಿಸುವ ಸ್ಪ್ರೇ. ಸೀಟಿನ ಬೋಲ್ಟಿಗೆ ಹಿಂದಿನ ದಿನ ರಾತ್ರಿಯೇ ಸ್ಪ್ರೇ ಹೊಡೆದಿಟ್ಟಿದ್ದೆ. ಆದರೂ ಒಂದು ಬೋಲ್ಟಿನ ತಲೆ ಕಿತ್ತುಕೊಂಡು ಕೈಗೆ ಬಂತು.

ಗಾಜು ಏರಿಸುವ ಹ್ಯಾಂಡಲ್ ಬಿಚ್ಚುವುದು ಗೊತ್ತಿಲ್ಲದವರಿಗೆ ಒಂದು ಮಾತು. ಅದಕ್ಕೆ ಸ್ಕ್ರೂ ಇರುವುದಿಲ್ಲ. ಹ್ಯಾಂಡಲ್ ಹಿಂದೆ ಕುದುರೆ ಲಾಳದ ಆಕಾರದ ಸಣ್ಣ ತಂತಿಯ ಲಾಕ್ ಇರುತ್ತದೆ. ಹ್ಯಾಂಡಲ್ ಮತ್ತು ಅದರ ಹಿಂದಿನ ಪ್ಲಾಸ್ಟಿಕ್ ವಾಷರ್ ನಡುವೆ ಹಳೇ ಪಂಚೆ ತುಂಡು ತೂರಿಸಿ, ಎರಡೂ ತುದಿ ಹಿಡಿದು, ಬೂಟು ಒರೆಸುವ ಹಾಗೆ ಆಚೆ ಈಚೆ ಎಳೆಯಬೇಕು. ಬಟ್ಟೆಗೆ ಲಾಕಿನ ತುದಿ ಸಿಕ್ಕಿಕೊಂಡು ಟಣ್ ಅಂತ ಹಾರುತ್ತದೆ. ಹಾರುವುದು ಅಂದರೆ ನಿಜಕ್ಕೂ ಹಾರುತ್ತದೆ. ಮೊದಲನೆಯದು ಅಂಗಳದ ಹಲಸಿನ ತರಗೆಲೆಯೊಳಗೆ ಹೋಗಿ ಇವತ್ತಿಗೂ ಸಿಕ್ಕಿಲ್ಲ. ಎರಡನೆಯದಕ್ಕೆ ಇನ್ನೊಂದು ಕೈಯನ್ನು ಅಡ್ಡ ಹಿಡಿದೆ.

ಡೋರ್ ಪ್ಯಾಡಿನ ಪ್ಲಾಸ್ಟಿಕ್ ಲಾಕುಗಳಲ್ಲಿ ಅರ್ಧಕ್ಕರ್ಧ ಮುರಿದವು. ಬೇಸರ ಮಾಡಿಕೊಳ್ಳಲಿಲ್ಲ, ಒಂದಕ್ಕೆ ಐದು ರೂಪಾಯಿ.

ನಾಲ್ಕೂ ಬಾಗಿಲಿನ ಪ್ಯಾಡ್ ತೆಗೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆಯ ಎರಡೂ ಬಾಗಿಲಲ್ಲಿ ಪ್ಯಾಡಿನ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಇರಲಿಲ್ಲ. ಯಾವಾಗಲೋ ಗಾಜಿನ ರಿಪೇರಿ ಮಾಡಿದವರು ಹರಿದು ಎಸೆದಿರಬೇಕು. "ಸುಮ್ನೆ ಧೂಳಿಗೆ ಹಾಕಿರ್ತಾರೆ" ಅಂದುಕೊಂಡು ನಾನೂ ಬಿಟ್ಟೆ. ಈ ಒಂದು ಸಾಲು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

ಏಪ್ರಿಲ್ 14: ಕಾರ್ಪೆಟ್ ಕೆಳಗೆ

ಹಿಂದಿನ ಸೀಟಿನಡಿ ಇಲಿ ಗೂಡು. ಕಾರ್ಪೆಟ್ ಕೆಳಗಿನ ಸೆಣಬಿನ ಪದರವನ್ನು ಕತ್ತರಿಸಿ, ಅಡಿಕೆ ಸಿಪ್ಪೆ ಸೇರಿಸಿ ಚೆನ್ನಾಗಿಯೇ ಮನೆ ಕಟ್ಟಿತ್ತು. ಜೊತೆಗೆ ಎರಡು ಇಪ್ಪತ್ತೈದು ಪೈಸೆ, ಒಂದು ಬಾಚಣಿಗೆ, ಒಣಗಿದ ಕುಂಕುಮದ ಪೊಟ್ಟಣ, ಅಪ್ಪಯ್ಯನ ಕನ್ನಡಕದ ಒಂದು ಕಾಲು.

ಕಾರ್ಪೆಟ್ ಎತ್ತಿದರೆ ಎಡಗಡೆ ಮುಂದಿನ ಫ್ಲೋರ್ ಒದ್ದೆ. ಮಳೆ ನಿಂತು ಐದು ತಿಂಗಳಾಗಿದ್ದರೂ ಸೆಣಬಿನ ಪದರ ಹಿಂಡಿದರೆ ತಣ್ಣಗೆ ಕೈಗೆ ಹತ್ತುತ್ತಿತ್ತು. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತೆ, ತುಕ್ಕು ತಿಂದಲ್ಲಿ ಡಬ್ ಅನ್ನುತ್ತೆ. ಡಬ್ ಅಂದ ಜಾಗಕ್ಕೆ ತುದಿಯಿಂದ ಒತ್ತಿದೆ. ಸ್ಕ್ರೂ ಡ್ರೈವರ್ ಆಚೆ ಹೋಗಿ ಅಂಗಳದ ಮಣ್ಣು ಕಂಡಿತು. ಅಂಗೈ ಅಗಲದ ತೂತು.

ಏಪ್ರಿಲ್ 20: ಟಿಂಕರಿಂಗ್

ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ಸೀಟಿಲ್ಲದ ಕಾರನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಓಡಿಸುವ ಹುಚ್ಚು ಬೇಡ ಅಂತ ಡ್ರೈವರ್ ಸೀಟನ್ನು ವಾಪಸ್ ಬೋಲ್ಟ್ ಹಾಕಿ ಕೂರಿಸಿ ಗ್ಯಾರೇಜಿಗೆ ತಗೊಂಡು ಹೋದೆ. ಮೇಸ್ತ್ರಿ ಕೊಳೆತ ಭಾಗ ಕತ್ತರಿಸಿ 20 ಗೇಜಿನ ಶೀಟಿನಲ್ಲಿ ಎರಡು ಪ್ಯಾಚ್ ಹಾಕಿದರು. ಆ ಮುರಿದ ಬೋಲ್ಟನ್ನೂ ತೆಗೆದುಕೊಟ್ಟರು. 2200 ರೂಪಾಯಿ.

ಅವರು ಹೇಳಿದ ಒಂದು ಎಚ್ಚರಿಕೆ: ಫ್ಲೋರ್ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹೋಗಿರುತ್ತವೆ. ಕಾರ್ಪೆಟ್ ಹಿಡಿಸಲು ಮೇಲಿಂದ ಕಣ್ಣುಮುಚ್ಚಿ ಸ್ಕ್ರೂ ಹೊಡೆಯಬಾರದು. ನಾನು ಹಾಗೇ ಮಾಡುವವನಿದ್ದೆ.

ಮನೆಗೆ ತಂದು ಡ್ರಿಲ್ಲಿಗೆ ತಂತಿ ಬ್ರಷ್ ಹಾಕಿ ಉಳಿದ ತುಕ್ಕು ಉಜ್ಜಿದೆ. ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಒಂದು ಕೋಟ್, ಮರುದಿನ ರೆಡ್ ಆಕ್ಸೈಡ್ ಎರಡು ಕೋಟ್, ಪ್ಯಾಚಿನ ಜಾಯಿಂಟಿಗೆ ಸೀಲಂಟ್. ಒಟ್ಟು 780. ಇಷ್ಟರಲ್ಲಿ ತಪ್ಪಾಗಿದ್ದು ಒಂದೇ. ಕನ್ನಡಕ ಹಾಕದೆ ಬ್ರಷ್ ಓಡಿಸಿದೆ. ತಂತಿಯ ಒಂದು ಎಳೆ ಹಾರಿ ಕೆನ್ನೆಗೆ ಚುಚ್ಚಿತು. ಎರಡು ಬೆರಳು ಮೇಲಾಗಿದ್ದರೆ ಕಣ್ಣು.

ಏಪ್ರಿಲ್ 27, 28: ಬೆಂಗಳೂರು

ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಇಂಜಿನ್ ಸಾಮಾನಿಗೆ ಬರ ಇಲ್ಲ, ಓಮ್ನಿಯಲ್ಲೂ ಅದೇ 796 ಸಿಸಿ ಇಂಜಿನ್ ಇತ್ತಲ್ಲ. ಒಳಗಿನ ಪ್ಲಾಸ್ಟಿಕ್ಕು, ಬೀಡಿಂಗು ಅಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಲೈನಿಂಗು, ಇವುಗಳದೇ ತಾಪತ್ರಯ. ರಾತ್ರಿ ರೈಲಿಗೆ ಹೋಗಿ ಜೆ.ಸಿ. ರೋಡು ಸುತ್ತಿದೆ. ಸಣ್ಣ ತೂತಿನ ಬಿಳಿ ರೂಫ್ ರೆಕ್ಸಿನ್ ಮೀಟರಿಗೆ 280ರಂತೆ 2 ಮೀಟರ್, ಬೂದು ಬಣ್ಣದ ಡೋರ್ ರೆಕ್ಸಿನ್ 320ರಂತೆ 3 ಮೀಟರ್. ಎರಡೂ 54 ಇಂಚು ಅಗಲ. ಡೋರ್ ಬೀಡಿಂಗ್ ನಾಲ್ಕು, ತಲಾ 220. ಪ್ಯಾಡಿನ ಪ್ಲಾಸ್ಟಿಕ್ ಲಾಕ್ ಅರವತ್ತು, ತಲಾ ಐದು. ಶಿವಾಜಿನಗರದ ಗುಜರಿಯಲ್ಲಿ ಒಂದು ಗಾಜಿನ ಹ್ಯಾಂಡಲ್ಲು, ಡ್ಯಾಶ್‌ಬೋರ್ಡಿನ ಎರಡು ಗಾಳಿ ಜಾಲರಿ, 350ಕ್ಕೆ. ಆತ 600 ಹೇಳಿದ್ದ. "ಸಾಗರದಿಂದ ಬಂದಿದೀನಿ ಭಾಯ್" ಅಂದಿದ್ದಕ್ಕೆ ಇಳಿಸಿದನೋ, ಮೊದಲೇ 350 ಸಾಕಿತ್ತೋ ಗೊತ್ತಿಲ್ಲ.

ಮುಂದಿನ ಗಾಜಿನ ರಬ್ಬರ್ 750 ಅಂದರು. ಈಗಿರುವುದೇ ನಡೆಯುತ್ತೆ ಅಂತ ಬಿಟ್ಟು ಬಂದೆ. ಇದನ್ನೂ ನೆನಪಿಟ್ಟುಕೊಳ್ಳಿ.

ಮೇ 4, 5: ಡೋರ್ ಪ್ಯಾಡ್, ಮೊದಲ ಸಲ

3 ಮಿಲಿಮೀಟರಿನ ಹಾರ್ಡ್‌ಬೋರ್ಡ್, 8×4 ಅಡಿ ಹಾಳೆ, 520 ರೂಪಾಯಿ. ಎಡಗಡೆಯ ಹಳೇ ಪ್ಯಾಡ್ ಉಬ್ಬಿ ಆಕಾರ ಕೆಟ್ಟಿತ್ತು. ಅದಕ್ಕೆ ಬಲಗಡೆಯದನ್ನೇ ಮಗುಚಿ ಇಟ್ಟು ಪೆನ್ಸಿಲ್ ಗೆರೆ ಎಳೆದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಲು ಹೋಗಿ ಅರ್ಧ ಗಂಟೆಯಲ್ಲಿ ಕೈ ಸೋತಿತು. ಪಕ್ಕದ ಮನೆಯ ಬಡಗಿಯವರ ಹತ್ತಿರ ಜಿಗ್ ಸಾ ಇಸಿದುಕೊಂಡು ಬಂದೆ.

ಲಾಕಿನ ತೂತು 8 ಮಿಲಿಮೀಟರ್. ಹಳೇ ಪ್ಯಾಡನ್ನೇ ಮೇಲಿಟ್ಟು, ಎರಡನ್ನೂ ಕ್ಲ್ಯಾಂಪ್ ಹಾಕಿ ಒಟ್ಟಿಗೆ ತೂತು ಹೊಡೆಯಿರಿ. ಒಂದು ಪ್ಯಾಡಿಗೆ ಟೇಪ್ ಹಿಡಿದು ಅಳತೆ ಮಾಡಿ ಹೊಡೆದೆ. ಎರಡು ತೂತು ಐದೈದು ಮಿಲಿಮೀಟರ್ ಆಚೆ ಹೋಗಿ ಲಾಕ್ ಕೂರಲೇ ಇಲ್ಲ.

ಆಮೇಲೆ ಅಂಟು. ಫೆವಿಕಾಲ್ ಎಸ್‌ಆರ್ 998. ಬೋರ್ಡಿಗೂ ಹಚ್ಚಬೇಕು, ರೆಕ್ಸಿನ್ನಿಗೂ ಹಚ್ಚಬೇಕು. ಹತ್ತು ಹದಿನೈದು ನಿಮಿಷ ಕಾದು, ಬೆರಳು ಇಟ್ಟರೆ ಹತ್ತದ ಹಾಗೆ ಆದ ಮೇಲೆ ಕೂಡಿಸಬೇಕು. ಡಬ್ಬದ ಮೇಲೆ ಬರೆದೇ ಇತ್ತು. ಹಸಿ ಇದ್ದಾಗ ಹಾಕಿದರೆ ಜರುಗಿಸಿ ಸರಿ ಮಾಡಿಕೊಳ್ಳಬಹುದಲ್ಲ ಅಂತ ನನ್ನ ಬುದ್ಧಿ ಓಡಿಸಿದೆ. ಮೊದಲನೇ ಪ್ಯಾಡ್ ಚೆಂದವಾಗಿ ಬಂತು. ಎರಡು ದಿನ ಬಿಸಿಲಲ್ಲಿ ಇಟ್ಟಾಗ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮೈತುಂಬ ಗುಳ್ಳೆ ಎದ್ದವು. ಕಿತ್ತು, ಕೆರೆದು, ಮತ್ತೆ ಹಚ್ಚಿದೆ. ಉಳಿದ ಮೂರಕ್ಕೆ ಕಾದು ಹಾಕಿದೆ, ಒಂದು ಗುಳ್ಳೆಯೂ ಇಲ್ಲ. ರೆಕ್ಸಿನ್ ಮತ್ತು ಬೋರ್ಡಿನ ನಡುವೆ 6 ಮಿಲಿಮೀಟರಿನ ಫೋಮ್ ಹಾಳೆ ಕೊಟ್ಟೆ. ಮುಟ್ಟಿದರೆ ಮೆತ್ತಗಿರುತ್ತದೆ.

ನಾಲ್ಕೂ ಬಾಗಿಲಿಗೆ ಹೊಸ ಪ್ಯಾಡ್ ಕೂರಿಸಿ, ಹ್ಯಾಂಡಲ್ ಹಾಕಿ, ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ.

ಮೇ 7ರಿಂದ 12: ರೂಫ್ ಲೈನಿಂಗ್

ಮಂಗಳವಾರ ಲೋಕಸಭೆ ಚುನಾವಣೆ, ರಜೆ. ಬೆಳಿಗ್ಗೆಯೇ ಓಟು ಹಾಕಿ ಬಂದು ಹಳೇ ಲೈನಿಂಗ್ ಬಿಚ್ಚಿದೆ.

ಈ ಕಾರಿನ ಲೈನಿಂಗ್ ಬೋರ್ಡಿನದಲ್ಲ. ರೆಕ್ಸಿನ್ನಿಗೆ ಅಡ್ಡಡ್ಡ ಮಡಿಕೆ ಹೊಲಿದು, ಅದರೊಳಗೆ ಬಾಗಿದ ಕಂಬಿ ತೂರಿಸಿ, ಕಂಬಿಯ ತುದಿಗಳನ್ನು ಎರಡೂ ಬದಿಯ ತೂತಿಗೆ ಸಿಕ್ಕಿಸಿರುತ್ತಾರೆ. ಪೈಜಾಮದ ಲಾಡಿ ಹಾಕುವ ಮಡಿಕೆ ಇದೆಯಲ್ಲ, ಹಾಗೆ. ಅಂಚುಗಳನ್ನು ಸುತ್ತ ಅಂಟಿಸಿ ಮೇಲೆ ಬೀಡಿಂಗ್ ಮುಚ್ಚುತ್ತದೆ.

ಕಂಬಿಗಳು ನೋಡಲು ಒಂದೇ ಥರ. ಆದರೆ ಬಾಗು, ಉದ್ದ ಎರಡೂ ಸ್ವಲ್ಪ ಸ್ವಲ್ಪ ಬೇರೆ. ತೆಗೆಯುವಾಗಲೇ ಮುಂದಿನಿಂದ ಹಿಂದಕ್ಕೆ ಟೇಪ್ ಅಂಟಿಸಿ ನಂಬರ್ ಬರೆಯಬೇಕಿತ್ತು. ನಾನು ಎಲ್ಲವನ್ನೂ ಒಟ್ಟಿಗೆ ಜಗಲಿಯ ಮೂಲೆಗೆ ಒರಗಿಸಿದೆ. ಮಗ ಅದರಲ್ಲೊಂದನ್ನು ಬಿಲ್ಲು ಮಾಡಿಕೊಂಡು ತೋಟಕ್ಕೆ ಹೋದ. ಯಾವುದು ಎಲ್ಲಿಯದು ಅಂತ ಕೂರಿಸಿ ತೆಗೆದು ನೋಡುವುದರಲ್ಲೇ ಒಂದು ಸಂಜೆ ಕಳೆಯಿತು.

ಹಳೇ ಲೈನಿಂಗಿನ ಹೊಲಿಗೆ ಬಿಚ್ಚಿ ಅದನ್ನೇ ಅಳತೆಗೆ ಇಟ್ಟೆ. ಸುತ್ತ ಎರಡೆರಡು ಇಂಚು ಜಾಸ್ತಿ ಬಿಟ್ಟು ಕತ್ತರಿಸಿದೆ. ಹೊಲಿಯಲು ಅಕ್ಕನ ಮೊರೆ. ಮೊದಲ ಮಡಿಕೆಯಲ್ಲೇ ಸೂಜಿ ಮುರಿಯಿತು. "ತಮಾ, ಇದು ಜಂಪರ್ ಬಟ್ಟೆ ಅಲ್ದ. ಹದಿನೆಂಟನೇ ನಂಬರ್ ಸೂಜಿ ತಗಂಡು ಬಾ" ಅಂದಳು. ತಂದ ಮೇಲೆ ಸಲೀಸಾಗಿ ಹೋಯಿತು.

ಕೂರಿಸುವ ಕ್ರಮ ಹೀಗೆ. ಮೊದಲು ಕಂಬಿಗಳನ್ನೆಲ್ಲ ಸಿಕ್ಕಿಸಿ. ಆಮೇಲೆ ಮುಂದೆ ನಡುಮಧ್ಯ ಒಂದು ಗೇಣು ಅಂಟಿಸಿ, ಹಿಂದೆ ಎಳೆದು ನಡುಮಧ್ಯ ಒಂದು ಗೇಣು. ಅಲ್ಲಿಂದ ಮೂಲೆಗಳ ಕಡೆಗೆ ಹೋಗುತ್ತಾ ಕೊನೆಗೆ ಬದಿಗಳು. ಅಂಟು ಹಿಡಿಯುವ ತನಕ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದ್ದೆ, ಸುಮಾರು ನಲವತ್ತು. ಸಣ್ಣ ಸುಕ್ಕುಗಳಿಗೆ ಹೆದರಬೇಡಿ. ಕಾರನ್ನು ಗಾಜು ಮುಚ್ಚಿ ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದೆ, ಮುಕ್ಕಾಲು ಪಾಲು ತಾವೇ ಹೋದವು. ಉಳಿದದ್ದಕ್ಕೆ ಹೇರ್ ಡ್ರೈಯರ್.

ರೂಫ್ ಲೈಟಿನ ತೂತನ್ನು ಮಾತ್ರ ಮೊದಲೇ ಕತ್ತರಿಸಬೇಡಿ. ಹಳೇ ಅಳತೆ ನೋಡಿ ನೆಲದ ಮೇಲೇ ಕತ್ತರಿಸಿದೆ. ಎಳೆದು ಕೂರಿಸಿದಾಗ ತೂತು ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಬಂದಿತ್ತು. ಈಗ ಲೈಟಿನ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಇದೆ. ಕೇಳಿದವರಿಗೆ ಡಿಸೈನ್ ಅನ್ನುತ್ತೇನೆ.

ಮುಂದಿನ ಗಾಜಿನ ಹತ್ತಿರ ಲೈನಿಂಗಿನ ಅಂಚು ರಬ್ಬರಿನ ಒಳಗೆ ಹೋಗಬೇಕು. ಗಾಜು ತೆಗೆಯದೆ, ಸ್ಟೀಲ್ ಚಮಚದ ಹಿಡಿಯಿಂದ ರಬ್ಬರ್ ಎತ್ತಿ ಎತ್ತಿ ತುರುಕಿದೆ. ನೋಡಲು ಸರಿಯಾಗೇ ಕಂಡಿತು.

ಮೇ 18ರಿಂದ 22: ಅಡ್ಡಮಳೆ

ನಾಲ್ಕು ದಿನ ಸಂಜೆ ಹೊತ್ತು ಗುಡುಗು ಸಹಿತ ಅಡ್ಡಮಳೆ ಹೊಡೆಯಿತು. ಕಾರು ಅಂಗಳದಲ್ಲೇ ಇತ್ತು. ಐದನೇ ದಿನ ಬಾಗಿಲು ತೆಗೆದರೆ ಎಡಗಡೆಯ ಎರಡೂ ಹೊಸ ಪ್ಯಾಡ್ ಕೆಳಗಡೆ ದಪ್ಪ ಆಗಿವೆ. ಲಾಕುಗಳು ಬೋರ್ಡನ್ನೇ ಹರಿದುಕೊಂಡು ಹೊರಗೆ ಬಂದಿವೆ. ರೂಫ್ ಲೈನಿಂಗಿನ ಎಡ ಮೂಲೆಯಲ್ಲಿ ಕಾಫಿ ಬಣ್ಣದ ಕಲೆ. ಹೊಸ ರೆಡ್ ಆಕ್ಸೈಡ್ ಮೇಲೆ ಒಂದು ಲೋಟದಷ್ಟು ನೀರು.

ಅವತ್ತು ಏನೂ ಮಾಡಲಿಲ್ಲ. ಬಾಗಿಲು ಹಾಕಿ ಒಳಗೆ ಹೋದೆ.

ಮೇ 25: ನೀರು ಎಲ್ಲಿಂದ?

ಏಪ್ರಿಲ್‌ನಲ್ಲೇ ಮಾಡಬೇಕಾಗಿದ್ದ ಕೆಲಸ ಇದು. ಪ್ಯಾಡು, ಸೀಟು ಎಲ್ಲ ತೆಗೆದು ಒಳಗೆಲ್ಲ ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿದೆ. ನಾನು ಟಾರ್ಚ್ ಹಿಡಿದು ಒಳಗೆ ಕೂತೆ. ಮಗ ಹೊರಗಿನಿಂದ ಪೈಪು ಬಿಟ್ಟ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಪೌಡರ್ ಮೇಲೆ ನೀರು ಇಳಿದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮೂರು ಕಳ್ಳರು ಸಿಕ್ಕಿದರು.

ಒಂದನೆಯದು ಬಾಗಿಲು. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಕೆಳಗೆ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ಹೊರಗೆ ಹೋಗಬೇಕು. ನನ್ನ ಎಡ ಬಾಗಿಲುಗಳಲ್ಲಿ ಆ ತೂತುಗಳು ಕೆಸರು ತುಂಬಿ ಮುಚ್ಚಿದ್ದವು. ತಂತಿ ಹಾಕಿದಾಗ ಕಪ್ಪು ನೀರು ಬಳಬಳ ಸುರಿಯಿತು. ಇನ್ನು ಆ ಪ್ಲಾಸ್ಟಿಕ್ ಹಾಳೆ. ಅದು ಧೂಳಿಗಲ್ಲ. ಒಳಗೆ ಸಿಡಿಯುವ ನೀರು ಹಾರ್ಡ್‌ಬೋರ್ಡಿಗೆ ತಾಗದಿರಲಿ ಅಂತ.

ಎರಡನೆಯದು ಮುಂದಿನ ಗಾಜಿನ ರಬ್ಬರ್. ಕಲ್ಲಿನ ಹಾಗೆ ಗಟ್ಟಿಯಾಗಿ ಎಡ ಮೂಲೆಯಲ್ಲಿ ಬಿರಿದಿತ್ತು. ಚಮಚದಿಂದ ಎತ್ತಿ ಎತ್ತಿ ಬಿರುಕನ್ನು ಇನ್ನಷ್ಟು ದೊಡ್ಡದು ಮಾಡಿದ್ದು ನಾನೇ.

ಮೂರನೆಯದು ವೈಪರ್ ಕೆಳಗಿನ ಗಾಳಿ ಜಾಲರಿ. ಅದರೊಳಗೆ ಹಲಸಿನ ಎಲೆ ಕೊಳೆತು ಗೊಬ್ಬರ ಆಗಿತ್ತು. ನೀರು ಹೊರಗೆ ಹೋಗುವ ದಾರಿ ಮುಚ್ಚಿ, ತುಂಬಿ ಬ್ಲೋವರ್ ಕಡೆಯಿಂದ ಎಡಗಡೆ ಮುಂದಿನ ಸೀಟಿನವರು ಕಾಲಿಡುವ ಜಾಗಕ್ಕೆ ಇಳಿಯುತ್ತಿತ್ತು. ಎರಡು ಮುಷ್ಟಿ ಕಪ್ಪು ಮಣ್ಣು ತೆಗೆದೆ. ಅಕ್ಕ ಅದನ್ನು ಸೇವಂತಿಗೆ ಕುಂಡಕ್ಕೆ ಹಾಕಿದಳು.

ಜೂನ್ 1ರಿಂದ 16: ಎರಡನೇ ಸಲ

ಗಾಜಿನ ರಬ್ಬರನ್ನು ಬೆಂಗಳೂರಿಂದ ಬಸ್ಸಿಗೆ ಹಾಕಿಸಿ ತರಿಸಿದೆ, ಅದೇ 750. ಗಾಜು ಕೂರಿಸುವವರಿಗೆ 500 ಕೊಟ್ಟೆ. ರಬ್ಬರಿನ ಸಂದಿಗೆ ಸುತ್ತಲೂ ದಾರ ಹಾಕಿ, ಸೋಪು ನೀರು ಹಚ್ಚಿ, ಹೊರಗಿನಿಂದ ಒಬ್ಬರು ಗಾಜು ಒತ್ತುತ್ತಾ ಒಳಗಿನಿಂದ ಇನ್ನೊಬ್ಬರು ದಾರ ಎಳೆಯುತ್ತಾ ಹತ್ತು ನಿಮಿಷದಲ್ಲಿ ಕೂರಿಸಿಬಿಟ್ಟರು. ಗಾಜು ಹೊರಗೆ ತೆಗೆದಾಗ ಲೈನಿಂಗಿನ ಮುಂದಿನ ಅಂಚು ಪೂರ್ತಿ ಬಿಚ್ಚಿಕೊಂಡಿತು. ಅದನ್ನು ಮತ್ತೆ ಎಳೆದು ಅಂಟಿಸಿದೆ. ಕಾಫಿ ಕಲೆ ಹಾಗೇ ಇದೆ. ಸನ್ ವೈಸರ್ ಅರ್ಧ ಮುಚ್ಚುತ್ತದೆ.

ಬಾಗಿಲಿಗೆ ಹಾಳೆ ಅಂತ ಅಡಿಕೆ ಮುಚ್ಚುವ ಹಳೇ ಸಿಲ್ಪಾಲಿನ್ ಕತ್ತರಿಸಿದೆ. ಎಸ್‌ಆರ್ ಅಂಟು ಅದಕ್ಕೆ ಹಿಡಿಯಲಿಲ್ಲ, ಮರುದಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. 240 ಕೊಟ್ಟು ಬ್ಯುಟೈಲ್ ಟೇಪ್ ತಂದೆ, ಕಪ್ಪಗೆ ಗೋಂದಿನ ಹಾಗೆ ಇರುತ್ತದೆ. ಅದು ಕಚ್ಚಿ ಹಿಡಿಯಿತು. ಮುಖ್ಯವಾದದ್ದು ಹಾಳೆಯ ಕೆಳ ಅಂಚು. ಅದನ್ನು ಬಾಗಿಲಿನ ತಗಡಿನ ಮೇಲೆ ಅಂಟಿಸಬಾರದು, ಬಾಗಿಲಿನ ಒಳಗೆ ತೂರಿಸಬೇಕು. ಆಗ ಹಾಳೆ ಮೇಲೆ ಬಿದ್ದ ನೀರು ಬಾಗಿಲೊಳಗೇ ಇಳಿದು ತೂತಿನಿಂದ ಹೋಗುತ್ತದೆ. ಬಲಗಡೆಯ ಬಾಗಿಲುಗಳಲ್ಲಿ ಕಂಪನಿಯವರು ಹಾಗೇ ಮಾಡಿದ್ದರು. ಏಪ್ರಿಲ್‌ನಲ್ಲಿ ಒಂದು ನಿಮಿಷ ನಿಂತು ಬಲಗಡೆ ನೋಡಿದ್ದರೆ ಸಾಕಿತ್ತು.

ಎಡಕ್ಕೆ ಮತ್ತೆ ಎರಡು ಪ್ಯಾಡ್ ಕೊಯ್ದೆ. ಈ ಸಲ ಬೋರ್ಡಿಗೆ ಎರಡೂ ಮುಖ, ಅಂಚು, ತೂತಿನ ಒಳಗೂ ಸೇರಿಸಿ ಮನೆಯಲ್ಲಿ ಉಳಿದಿದ್ದ ವಾರ್ನಿಷ್ ಹೊಡೆದೆ. ಬಲಗಡೆಯವನ್ನೂ ಬಿಚ್ಚಿ ಹಿಂಭಾಗಕ್ಕೆ ಬಳಿದೆ.

ಜೂನ್ 22, 23: ಸೀಟು, ಡ್ಯಾಶ್‌ಬೋರ್ಡ್

ಸೀಟಿನ ಹೊಲಿಗೆಯನ್ನು ಕುಷನ್ ಅಂಗಡಿಗೇ ಕೊಟ್ಟೆ, ಸಾಮಾನು ಸೇರಿ 4500. ಫೋಮ್ ಮಾತ್ರ ನಾನು ಮಾಡಿದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿತ್ತು. ಹಾಸಿಗೆ ಅಂಗಡಿಯಿಂದ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಮಾಡಿದ್ದು) ತಂದು ಬ್ಲೇಡಿನಲ್ಲಿ ಕೆತ್ತಿ ಅಂಟಿಸಿದೆ. ಇರಲಿ ಅಂತ ಸೀಟಿನ ಮೇಲೂ ಎರಡು ಇಂಚು ಕೊಟ್ಟೆ. ಕೂತರೆ ತಲೆ ಹೊಸ ಲೈನಿಂಗಿಗೆ! ಒಂದು ಇಂಚು ಕೊಯ್ದು ತೆಗೆದೆ. ಕವರನ್ನು ಫ್ರೇಮಿಗೆ ಬಿಗಿಯಲು ಹಳೇ ತಂತಿ ಉಂಗುರಗಳು ತುಕ್ಕು ಹಿಡಿದಿದ್ದವು. ಕೇಬಲ್ ಟೈ ಹಾಕಿದೆ. ಈವರೆಗೆ ಬಿಟ್ಟಿಲ್ಲ.

ಡ್ಯಾಶ್‌ಬೋರ್ಡಿಗೆ ಪಾತ್ರೆ ತೊಳೆಯುವ ಸೋಪು ನೀರು, ಹಳೇ ಟೂತ್ ಬ್ರಷ್. ಅಷ್ಟೇ ಸಾಕು. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಮೂರನೇ ದಿನ ಇರುವೆ ಸಾಲು ಬ್ಲೋವರ್ ಜಾಲರಿಯೊಳಗೆ ಹೋಗುತ್ತಿತ್ತು. ಮತ್ತೆ ತೊಳೆದೆ.

ಕಾರ್ಪೆಟ್ 1600. ಕೆಳಗೆ ಸೆಣಬು ಹಾಕಲಿಲ್ಲ. ಈಗ ಸದ್ದು ಸ್ವಲ್ಪ ಜಾಸ್ತಿ ಕೇಳುತ್ತದೆ, ಇಲಿಗೆ ಮನೆ ಇಲ್ಲ.

ಲೆಕ್ಕ

ಲೈನಿಂಗ್ ರೆಕ್ಸಿನ್ 560, ಡೋರ್ ರೆಕ್ಸಿನ್ ಎರಡೂ ಸಲ ಸೇರಿ ನಾಲ್ಕೂವರೆ ಮೀಟರ್ 1440, ಹಾರ್ಡ್‌ಬೋರ್ಡ್ ಎರಡು ಹಾಳೆ 1040, ಅಂಟು ಎರಡು ಲೀಟರ್ 920, ಫೋಮ್ 850, ಲಾಕ್ 300, ಗಾಜಿನ ರಬ್ಬರ್ ಮತ್ತು ಕೂಲಿ 1250, ಡೋರ್ ಬೀಡಿಂಗ್ 880, ಟಿಂಕರಿಂಗ್ 2200, ತುಕ್ಕಿನ ಸಾಮಾನು 780, ಬ್ಯುಟೈಲ್ ಟೇಪ್ 240, ಸೀಟು 4500, ಕಾರ್ಪೆಟ್ 1600, ಗುಜರಿ 350. ಒಟ್ಟು 16,910 ರೂಪಾಯಿ. ಇದರಲ್ಲಿ ಒಂದು ಹಾಳೆ, ಒಂದೂವರೆ ಮೀಟರ್ ರೆಕ್ಸಿನ್, ಒಂದು ಲೀಟರ್ ಅಂಟು, ಹೀಗೆ 1460 ರೂಪಾಯಿ ನನ್ನ ಅವಸರದ ದಂಡ.

ಜುಲೈ 13

ಪುನರ್ವಸು ಮಳೆ ಒಂದು ವಾರದಿಂದ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಪ್ಯಾಡುಗಳು ಒಣಗಿವೆ. ಲೈನಿಂಗ್ ಕಲೆ ದೊಡ್ಡದಾಗಿಲ್ಲ. ಎಡಗಡೆ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಎತ್ತಿ ಹಳೇ ಪೇಪರ್ ಹಾಸಿದ್ದೇನೆ, ದಿನಾ ಬೆಳಿಗ್ಗೆ ಹೋಗಿ ಮುಟ್ಟಿ ನೋಡುತ್ತೇನೆ. ನಿನ್ನೆ ಒಂದು ಮೂಲೆಯಲ್ಲಿ ಎಂಟಾಣೆ ಅಗಲದ ಒದ್ದೆ ಇತ್ತು. ಪ್ಯಾಚಿನ ಜಾಯಿಂಟಿನದೋ, ಸ್ಪೀಡೋಮೀಟರ್ ಕೇಬಲ್ ಒಳಗೆ ಬರುವ ರಬ್ಬರಿನದೋ ನೋಡಬೇಕು. ಪೌಡರ್ ಡಬ್ಬ ಕಾರಿನಲ್ಲೇ ಇದೆ.